ಸದ್ದಿಗೆ ಕೊರತೆಯಿಲ್ಲ, ಓಟವಿಲ್ಲ: ನೀರಿನ ಸ್ಕೂಟರಿನ ಕಾಯಿಲೆ ಎಲ್ಲಿದೆ?

ಕಡಲ ಕರೆಯಲ್ಲಿ ಪ್ರವಾಸಿಗಳನ್ನು ಕೂರಿಸಿಕೊಂಡು ಓಡುವ ನೀರಿನ ಸ್ಕೂಟರುಗಳನ್ನು ಈಗ ನೋಡದವರು ಕಡಿಮೆ. ಮಲ್ಪೆ, ಪಣಂಬೂರುಗಳ ಕಡೆಗೆ ಹೋದ ನಮ್ಮವರಲ್ಲಿ ಅದನ್ನು ಏರಿ ಬಂದವರೂ ಇದ್ದಾರೆ. ಜೆಟ್ ಸ್ಕೀ ಎಂಬುದು ಮೂಲತಃ ಕವಾಸಾಕಿ ಕಂಪೆನಿಯ ವ್ಯಾಪಾರದ ಹೆಸರು. ಜನರ ಬಾಯಲ್ಲಿ ಮಾತ್ರ ಎಲ್ಲ ಕಂಪೆನಿಗಳ ವಾಹನಕ್ಕೂ ಅದೇ ಹೆಸರು. ಈ ವಾಹನಕ್ಕೆ ಬರುವ ಕಾಯಿಲೆಗಳಲ್ಲಿ ಒಂದು, ನಡೆಸುವವನನ್ನು ಬಹಳ ತಬ್ಬಿಬ್ಬುಗೊಳಿಸುವಂಥದು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕಿರುಚುತ್ತದೆ, ಸುತ್ತುಗಳನ್ನು ತೋರಿಸುವ ಮುಳ್ಳು ಸರ್ರನೆ ಏರುತ್ತದೆ, ವಾಹನ ಮಾತ್ರ ಮುಂದೆ ನುಗ್ಗುವುದಿಲ್ಲ. ನಿನ್ನೆ ಗಂಟೆಗೆ 70 ಕಿ.ಮೀ. ಓಡಿದ್ದು ಇಂದು 40 ದಾಟಲು ಒಲ್ಲದು.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ದೂರುವುದು ಎಂಜಿನ್ನನ್ನು. ಪ್ಲಗ್ ಬದಲಾಯಿಸುತ್ತಾರೆ, ಪೆಟ್ರೋಲ್ ಸರಿಯಿಲ್ಲ ಎನ್ನುತ್ತಾರೆ, ಕೊನೆಗೆ ಎಂಜಿನ್ ಬಿಚ್ಚಿಸುತ್ತಾರೆ. ವರ್ಷದಲ್ಲಿ ಕೆಲವೇ ತಿಂಗಳು ದುಡಿಯುವ, ಸಾಲದಲ್ಲಿ ಕೊಂಡ ವಾಹನಕ್ಕೆ ಇದು ಸಣ್ಣ ಹೊಡೆತವಲ್ಲ. ತುಸು ನಿಧಾನಿಸಿ ಯೋಚಿಸಿದರೆ, ತಡವರಿಸದೆ ಸುತ್ತು ಏರಿಸುವ ಎಂಜಿನ್ ಆರೋಗ್ಯವಾಗಿಯೇ ಇದೆ ಎಂದು ತಿಳಿಯುವುದು. ಕಾಯಿಲೆಯಿರುವುದು ಅದರ ಹಿಂದೆ, ಪಂಪಿನಲ್ಲಿ.

ನಮ್ಮ ಅಡಿಕೆ ತೋಟದವರಿಗೆ ಇದನ್ನು ಹೆಚ್ಚು ವಿವರಿಸಬೇಕಾದ್ದಿಲ್ಲ. ಕೆರೆಯ ಪಂಪುಸೆಟ್ಟಿನ ಪೈಪು ಎಲ್ಲೋ ಗಾಳಿ ಎಳೆದರೆ ಮೋಟಾರು ನಿಲ್ಲುವುದಿಲ್ಲ. ಎಂದಿಗಿಂತ ಹಗುರವಾಗಿ, ಜೋರಾಗಿ ತಿರುಗುತ್ತದೆ. ತೋಟಕ್ಕೆ ನೀರು ಮಾತ್ರ ಇಲ್ಲ. ನೀರಿನ ಸ್ಕೂಟರಿನದೂ ಇದೇ ಕತೆ. ಅದಕ್ಕೆ ದೋಣಿಯಂತೆ ಹೊರಗೆ ಚಾಚಿದ ಪ್ರೊಪೆಲ್ಲರ್ ಇಲ್ಲ. ಹೊಟ್ಟೆಯಡಿಯ ಜಾಲರಿಯಿಂದ ನೀರು ಎಳೆದು, ಸುರಂಗದೊಳಗೆ ತಿರುಗುವ ಇಂಪೆಲ್ಲರ್ ಎಂಬ ರೆಕ್ಕೆಚಕ್ರದಿಂದ ಹಿಂದಕ್ಕೆ ಚಿಮ್ಮಿಸಿ, ಆ ಚಿಮ್ಮಿನ ಬಲದಿಂದ ಅದು ಮುಂದೆ ಹೋಗುವುದು. ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್ ಎಂಬಾತ 1950ರ ದಶಕದಲ್ಲಿ ತನ್ನ ನಾಡಿನ ಆಳವಿಲ್ಲದ, ಕಲ್ಲು ತುಂಬಿದ ಹೊಳೆಗಳಿಗೆಂದು ಇಂಥ ದೋಣಿಗಳನ್ನು ಬಳಕೆಗೆ ತಂದನು. ಪ್ರೊಪೆಲ್ಲರ್ ಅಲ್ಲಿ ಉಳಿಯುತ್ತಿರಲಿಲ್ಲ.

ಆದುದರಿಂದ ಕೇಳಬೇಕಾದ ಮೊದಲ ಪ್ರಶ್ನೆ: ಪಂಪಿಗೆ ನೀರು ಸರಿಯಾಗಿ ಸಿಗುತ್ತಿದೆಯೇ? ಓಡುತ್ತಿದ್ದಂತೆಯೇ ಥಟ್ಟನೆ ವೇಗ ಬಿದ್ದು, ವಾಹನ ನಡುಗತೊಡಗಿದರೆ ಜಾಲರಿಗೆ ಏನೋ ಸಿಕ್ಕಿಕೊಂಡಿದೆಯೆಂದೇ ತಿಳಿಯಬಹುದು. ನಮ್ಮ ಅಳಿವೆಗಳಲ್ಲಿ ಇದಕ್ಕೆ ಬರವಿಲ್ಲ. ಪ್ಲಾಸ್ಟಿಕ್ ಚೀಲ, ಹರಿದ ನೈಲಾನ್ ಬಲೆ, ಮಳೆನೀರಿನೊಂದಿಗೆ ಇಳಿದು ಬಂದ ಅಂತರಗಂಗೆ, ತೆಂಗಿನ ನಾರು. ಹಗ್ಗವಾದರೆ ಒಳಗಿನ ದಂಡಕ್ಕೆ ಸುತ್ತಿಕೊಂಡು ಬಿಗಿಯುವುದು. ಎಂಜಿನ್ ನಿಲ್ಲಿಸಿ, ಕೈಗೆ ಕಟ್ಟಿಕೊಂಡ ಸುರಕ್ಷತೆಯ ದಾರವನ್ನು ಗುಂಡಿಯಿಂದ ಕಿತ್ತ ಮೇಲಲ್ಲದೆ ಅಲ್ಲಿಗೆ ಕೈಯಿಕ್ಕಲೇಬಾರದು. ತಿರುಗುವ ಇಂಪೆಲ್ಲರ್ ಬೆರಳನ್ನು ಉಳಿಸುವುದಿಲ್ಲ. ಬಿಚ್ಚಿದ ಕೂದಲು, ಸಡಿಲ ಬಟ್ಟೆಯನ್ನೂ ಎಳೆದುಕೊಳ್ಳುವುದು.

ಎರಡನೆಯದು ಗಾಳಿ. ಪಂಪು ಹಡಗಿನ ಮೈಗೆ ಕೂಡುವಲ್ಲಿ ಇರುವ ರಬ್ಬರಿನ ಅಥವಾ ಅಂಟಿನ ಸೀಲು ಹರಿದಿದ್ದರೆ ನೀರಿನ ಜತೆ ಗಾಳಿಯೂ ಒಳಸೇರುವುದು. ಈಚೆಗೆ ಪಂಪು ಬಿಚ್ಚಿ ಜೋಡಿಸಿದ ವಾಹನದಲ್ಲಿ ಈ ದೋಷ ಕಂಡರೆ ಮೊದಲು ಅಲ್ಲಿಯೇ ನೋಡಬೇಕು. ಅಲೆ ಹಾರುವಾಗ ಕ್ಷಣಕಾಲ ಎಂಜಿನ್ ಕಿರುಚಿದರೆ ಅದು ಕಾಯಿಲೆಯಲ್ಲ, ಹೊಟ್ಟೆ ನೀರಿನಿಂದ ಮೇಲೆದ್ದದ್ದು ಅಷ್ಟೇ.

ಆದರೆ ನಮ್ಮಂಥ ಮರಳಿನ ಕರೆಯಲ್ಲಿ ನಿಜವಾದ ಕಳ್ಳ ಮೂರನೆಯವನು: ಸವೆತ. ಇಂಪೆಲ್ಲರಿನ ಅಡ್ಡಳತೆ ಸುಮಾರು 15-16 ಸೆಂ.ಮೀ. ಅದರ ಸುತ್ತ ವೇರ್ ರಿಂಗ್ ಎಂಬ ಬಳೆಯಿದೆ. ಕೆಲವು ಕಂಪೆನಿಗಳು ಅದನ್ನು ಬೇಕೆಂದೇ ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತವೆ, ಸವೆಯುವುದಾದರೆ ಅಗ್ಗದ ಬಳೆಯೇ ಸವೆಯಲಿ ಎಂದು. ರೆಕ್ಕೆಯ ತುದಿಗೂ ಬಳೆಗೂ ನಡುವೆ ಇರಬೇಕಾದ ಎಡೆ ಮಿಲಿಮೀಟರಿನ ಒಂದು ಅಂಶ ಮಾತ್ರ. ಎಡೆ ಒಂದು ಮಿಲಿಮೀಟರನ್ನು ಮುಟ್ಟಿತೋ, ಹಿಂದಕ್ಕೆ ತಳ್ಳಿದ ನೀರು ಆ ಸಂದಿನಿಂದ ಮುಂದಕ್ಕೇ ನುಸುಳಿ ಬರುವುದು. ಆಗ ಕಾಣುವ ಲಕ್ಷಣವೂ ಬೇರೆ. ಹೊರಡುವಾಗ ಎಂಜಿನ್ ಬರಿದೇ ಸುತ್ತುತ್ತದೆ, ವಾಹನ ಕುಂಟುತ್ತದೆ. ವೇಗ ತುಸು ಏರಿದ ಮೇಲೆ ಹಿಡಿತ ಸಿಗುತ್ತದೆ. ಹಳೆಯ ಬಸ್ಸಿನ ಕ್ಲಚ್ಚು ಜಾರುವುದನ್ನು ಬಲ್ಲವರಿಗೆ ಇದು ಪರಿಚಿತವೇ.

ಇಲ್ಲಿ ನೀರಿನ ಒಂದು ವಿಚಿತ್ರ ಗುಣವನ್ನು ಹೇಳಬೇಕು. ಒತ್ತಡ ಬಹಳ ಕುಸಿದರೆ ನೀರು ಬಿಸಿಯಾಗದೆಯೇ ಕುದಿಯುವುದು. ನಮ್ಮ ಕಡಲಿನ 30 ಡಿಗ್ರಿ ಶಾಖದಲ್ಲಿ, ಒತ್ತಡ ಸಾಮಾನ್ಯ ವಾಯುಭಾರದ ಇಪ್ಪತ್ತರಲ್ಲೊಂದು ಪಾಲಿಗಿಂತ ಕೆಳಗಿಳಿದರೆ ಸಾಕು. ಅತಿವೇಗದಲ್ಲಿ ತಿರುಗುವ ರೆಕ್ಕೆಯ ಬೆನ್ನಲ್ಲಿ ಹೀಗಾಗಿ, ಆವಿಯ ಗುಳ್ಳೆಗಳೆದ್ದು ಒಡೆಯುತ್ತವೆ. ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ‘ಟರ್ಬೀನಿಯ’ ಎಂಬ ಉಗಿ ಟರ್ಬೈನಿನ ಹಡಗನ್ನು ನೀರಿಗಿಳಿಸಿದಾಗ ಆದದ್ದು ಇದೇ. ಯಂತ್ರಕ್ಕೆ ಶಕ್ತಿ ಧಾರಾಳ, ಹಡಗು ಮಾತ್ರ 20 ನಾಟ್ ಮುಟ್ಟಲಿಲ್ಲ. ಆತ ಕೊನೆಗೆ ಒಂದು ದಂಡದ ಬದಲು ಮೂರು ದಂಡ, ಒಂದೊಂದಕ್ಕೆ ಮೂರರಂತೆ ಒಂಬತ್ತು ಪ್ರೊಪೆಲ್ಲರುಗಳನ್ನು ಹಾಕಿಸಿದನು. 1897ರ ವೇಳೆಗೆ ಅದೇ ಹಡಗು 34 ನಾಟ್, ಎಂದರೆ ಗಂಟೆಗೆ ಸುಮಾರು 63 ಕಿ.ಮೀ. ವೇಗದಲ್ಲಿ ಓಡಿತು. ನೀರಿನ ಸ್ಕೂಟರಿನಲ್ಲಿ ಕಲ್ಲು ತಾಗಿ ರೆಕ್ಕೆಯ ಅಂಚು ಮಡಚಿದರೆ ಸಾಕು, ಈ ಗುಳ್ಳೆಗಳ ಕಾಟ ಶುರು. ಇನ್ನಷ್ಟು ಆಕ್ಸಿಲರೇಟರ್ ಒತ್ತಿದರೆ ಗುಳ್ಳೆ ಹೆಚ್ಚುವುದೇ ಹೊರತು ವೇಗವಲ್ಲ.

ಮರಳು ಒಳಹೋಗುವುದು ಯಾವಾಗ? ದಡದಲ್ಲಿಯೇ ಎಂಜಿನ್ ಚಾಲೂ ಮಾಡುವಾಗ. ಮೊಣಕಾಲು ನೀರಿನಲ್ಲಿ ಗಿರಾಕಿಯನ್ನು ಹತ್ತಿಸಿ ಭರ್ರೆಂದು ಹೊರಡುವುದು ನೋಡಲು ಚೆಂದ. ಪ್ರತಿಸಲವೂ ಪಂಪು ಒಂದಿಷ್ಟು ಮರಳು, ಚಿಪ್ಪು ನುಂಗುತ್ತದೆ. ಸೊಂಟದ ಆಳಕ್ಕೆ, ಸುಮಾರು 90 ಸೆಂ.ಮೀ. ನೀರಿಗೆ ತಳ್ಳಿಕೊಂಡು ಹೋಗಿ ಚಾಲೂ ಮಾಡಿದರೆ ಬಳೆ ಎಷ್ಟೋ ಕಾಲ ಬಾಳುವುದು.

ಎಂಜಿನ್ ನಿರಪರಾಧಿಯೆಂದು ಹೇಳುವ ಮೊದಲು ಮುಳ್ಳನ್ನು ನೋಡಬೇಕು. ಸುತ್ತುಗಳು ಎಂದಿನಷ್ಟು, ಅಥವಾ ಹೆಚ್ಚು ಇದ್ದು ವೇಗ ಕಡಿಮೆಯೆಂದರೆ ಪಂಪು. ಸುತ್ತುಗಳೇ ಏರದಿದ್ದರೆ ಎಂಜಿನ್ನನ್ನು ಶಂಕಿಸಬಹುದು, ಅಥವಾ ಒಡಲಲ್ಲಿ ನೀರು ತುಂಬಿ ಭಾರವಾಗಿರಬಹುದು. ಎಂಜಿನ್ ಹುಚ್ಚಾಗಿ ತಿರುಗಿಯೂ ವಾಹನ ಒಂದಿಂಚೂ ಅಲುಗದಿದ್ದರೆ ದಂಡದ ಹಲ್ಲುಗಳೇ ಕಿತ್ತುಹೋಗಿರುವ ಸಂಭವ ಹೆಚ್ಚು.

ಇದನ್ನು ಬರೇ ಖರ್ಚಿನ ಮಾತೆಂದು ತಿಳಿಯಬಾರದು. ಈ ವಾಹನಕ್ಕೆ ಚುಕ್ಕಾಣಿಯ ಹಲಗೆಯಿಲ್ಲ. ಚಿಮ್ಮುವ ನೀರಿನ ಬಾಯಿಯನ್ನು ಅತ್ತಿತ್ತ ಹೊರಳಿಸಿಯೇ ತಿರುಗಬೇಕು. ಚಿಮ್ಮು ಕುಂದಿದರೆ ತಿರುಗುವುದೂ ಕುಂದಿತು. ಚಂದ್ರಗಿರಿ ಹೊಳೆಯ ಅಳಿವೆಯಂಥ ಜಾಗದಲ್ಲಿ, ಇಳಿತದ ಸೆಳೆತ ಹೊರಗೆ, ಅಲೆ ಒಳಗೆ ನುಗ್ಗುವ ಹೊತ್ತಿಗೆ, ಹಿಂದೆ ಒಬ್ಬ ಗಿರಾಕಿ ಕುಳಿತಿರುವಾಗ ಪಂಪು ಕೈಬಿಟ್ಟರೆ ಏನಾದೀತೆಂದು ಅಲ್ಲಿನ ಮೀನುಗಾರರನ್ನು ಕೇಳಬೇಕು. ಹಲವು ಮಾದರಿಗಳಲ್ಲಿ ಎಂಜಿನ್ನನ್ನು ತಣಿಸುವ ನೀರು ಬರುವುದೂ ಈ ಪಂಪಿನಿಂದಲೇ. ಅಲ್ಲಿ ಕಟ್ಟಿಕೊಂಡರೆ ಎಂಜಿನ್ನೂ ಸುಡುವುದು.

ಮಳೆಗಾಲದಲ್ಲಿ ವಾಹನ ಮೇಲಿರುವಾಗ ಜಾಲರಿ ಬಿಚ್ಚಿ, ಫೀಲರ್ ಗೇಜಿನಿಂದ ಎಡೆಯನ್ನು ಅಳೆದು, ಕೈಪಿಡಿಯ ಮಿತಿಯೊಂದಿಗೆ ಹೋಲಿಸಲು ಅರ್ಧ ದಿನ ಸಾಕು. ರೆಕ್ಕೆಗಳ ಅಂಚನ್ನು ಬೆರಳಿನಿಂದ ಸವರಿ ನೋಡಬೇಕು. ಸಿಹಿನೀರಿನಲ್ಲಿ ತೊಳೆಯುವಾಗ ಮೊದಲು ಎಂಜಿನ್ ಚಾಲೂ, ಆಮೇಲೆ ನಲ್ಲಿ. ನಿಲ್ಲಿಸುವಾಗ ಮೊದಲು ನಲ್ಲಿ, ಆಮೇಲೆ ಎಂಜಿನ್. ಕ್ರಮ ತಪ್ಪಿದರೆ ನೀರು ಹೊಗೆಯ ಕೊಳವೆಯಿಂದ ಸಿಲಿಂಡರಿಗೆ ಇಳಿಯುವುದು.