ಪರಂಗಿ ಎಂಬ ಪದ ಹಿಡಿದು ವಿಶ್ವ ಚರಿತ್ರೆಗೆ

ಕಾಸರಗೋಡು: ವಿಶ್ವ ಚರಿತ್ರೆ ಎಂದೊಡನೆ ಹೈಸ್ಕೂಲು ಮಕ್ಕಳು ಮುಖ ಸಿಂಡರಿಸುವುದುಂಟು. ಹೆಸರು, ಇಸವಿ ಬಾಯಿಪಾಠವಾಗುತ್ತದೆ, ಪರೀಕ್ಷೆ ಮುಗಿದ ಮರುದಿನ ಮರೆತೂ ಹೋಗುತ್ತದೆ. ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೆ ಇನ್ನೊಂದು ತೊಡಕು. ಕನ್ನಡದಲ್ಲಿ 'ಪುನರುಜ್ಜೀವನ' ಎಂದು ಓದಿದವರಿಗೆ ಟ್ಯೂಷನ್‌ನಲ್ಲಿ ಮಲಯಾಳದ 'ನವೋತ್ಥಾನಂ' ಕೇಳಿಸುತ್ತದೆ. ಎರಡೂ ಒಂದೇ ಎಂದು ಹೇಳಿಕೊಡುವವರು ಬೇಕು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ಹಾಕಿದಾಗ ಇಲ್ಲಿ ಹಲವು ಸಲ ಪ್ರತಿಭಟನೆ ನಡೆದದ್ದು ಸುಮ್ಮನೆ ಅಲ್ಲ.

ಆದರೆ ಎರಡು ಭಾಷೆ ಬಲ್ಲವರಿಗೆ ಒಂದು ಲಾಭವೂ ಇದೆ. 'ಪರಂಗಿ' ಎಂಬ ಪದವನ್ನೇ ನೋಡಿ. ಪಪ್ಪಾಯಿಗೆ ಕನ್ನಡದಲ್ಲಿ ಪರಂಗಿ ಹಣ್ಣು ಎಂಬ ಹೆಸರಿದೆ. ಮಲಯಾಳದಲ್ಲಿ ಗೇರು ಮರವೇ 'ಪರಂಗಿಮಾವು'. ಯಾರು ಈ ಪರಂಗಿ?

ಇಂದಿನ ಫ್ರಾನ್ಸ್ ಇರುವ ನಾಡನ್ನು ಹಿಂದೆ ಆಳಿದ ಜನ ಫ್ರಾಂಕರು. ಆ ದೇಶದ ಹೆಸರೂ ಅವರಿಂದಲೇ ಬಂತು. 1095ರಲ್ಲಿ ಪೋಪ್ ಎರಡನೇ ಅರ್ಬನ್ ಕರೆ ಕೊಟ್ಟ ಮೇಲೆ ಪಶ್ಚಿಮ ಯುರೋಪಿನ ಕ್ರೈಸ್ತ ಸೈನ್ಯಗಳು ಹೊರಟು 1099ರಲ್ಲಿ ಜೆರುಸಲೇಮನ್ನು ಹಿಡಿದವು. ಇವೇ ಕ್ರುಸೇಡುಗಳು. ಬಂದವರಲ್ಲಿ ಬಹಳ ಮಂದಿ ಫ್ರೆಂಚ್ ನಾಡಿನವರು. ಅರಬರು ಪಶ್ಚಿಮದವರನ್ನೆಲ್ಲ ಫ್ರಾಂಕರೆಂದೇ ಕರೆದರು. ಪಾರಸಿಯಲ್ಲಿ ಅದು 'ಫರಂಗಿ' ಆಯಿತು. ಅರಬ್ ವ್ಯಾಪಾರಿಗಳಿಗೆ ಮಲಬಾರ್ ಹೊಸತೇನೂ ಅಲ್ಲವಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಕೋಝಿಕ್ಕೋಡಿಗೆ ಬಂದ ಮೇಲೆ ಆ ಹೆಸರು ಇಲ್ಲಿ ಪೋರ್ಚುಗೀಸರಿಗೆ ಅಂಟಿಕೊಂಡಿತು.

ಅವರು ಸಮುದ್ರ ದಾರಿ ಹುಡುಕಿದ್ದೇಕೆ? 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದು ದಾರಿ ಮುಚ್ಚಿದರು ಎಂದು ಒಂದೇ ವಾಕ್ಯದ ಉತ್ತರ ಬರೆಯುವುದು ರೂಢಿ. ಅದು ಅರ್ಧ ಉತ್ತರ ಮಾತ್ರ. ಅದರ ನಂತರವೂ ಈಜಿಪ್ಟ್ ದಾರಿಯಾಗಿ ವೆನಿಸಿಗೆ ಕರಿಮೆಣಸು ಹೋಗುತ್ತಲೇ ಇತ್ತು. ನಡುವಿನವರ ಲಾಭ ತಪ್ಪಿಸಿ ನೇರವಾಗಿ ಕೊಳ್ಳಬೇಕೆಂಬ ಆಸೆ ಪೋರ್ಚುಗೀಸರದು. ಇದನ್ನು ಅಡಿಕೆ, ಮೆಣಸು ಮಾರುವ ಮನೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

1500ರಲ್ಲಿ ಕಬ್ರಾಲ್ ಎಂಬ ನಾವಿಕನ ಹಡಗುಗಳು ಕೋಝಿಕ್ಕೋಡಿಗೆ ಹೊರಟು ಮೊದಲು ಬ್ರೆಜಿಲ್ ಮುಟ್ಟಿದವು, ಅದೇ ವರ್ಷ ಇಲ್ಲಿಗೂ ಬಂದವು. ಗೇರು ಬ್ರೆಜಿಲಿನ ಮರ. ಪೋರ್ಚುಗೀಸರೇ ಅದನ್ನು ನಮ್ಮ ಕರಾವಳಿಗೆ ತಂದರು. ಪಪ್ಪಾಯಿಯೂ ಅಮೆರಿಕದ್ದೇ. ಹೀಗೆ ಒಂದು ಪದದ ಬೆನ್ನು ಹತ್ತಿದರೆ ಮೂರು ಪಾಠ ಒಟ್ಟಿಗೆ ಸಿಗುತ್ತದೆ.

ಗೇರಿನ ಚರಿತ್ರೆ ಅಲ್ಲಿಗೆ ಮುಗಿಯಲಿಲ್ಲ. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. 2011ರಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು ಅದನ್ನು ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿಸಲು ಒಪ್ಪಿದವು. ಇದೂ ವಿಶ್ವ ಚರಿತ್ರೆಯೇ. ಇದನ್ನು ಕಣ್ಣಾರೆ ಕಂಡವರು ಎಣ್ಮಕಜೆಯ ಮನೆಗಳಲ್ಲಿ ಇದ್ದಾರೆ, ಮಕ್ಕಳು ನೋಟ್‌ಬುಕ್ ಹಿಡಿದು ಹೋಗಿ ಕೇಳಬಹುದು.