127 ಹಲ್ಲಿನ ಗೇರು

ಬಿಡದಿಯ ಟೊಯೋಟ ಕಿರ್ಲೋಸ್ಕರ್ ಈಗ ಛತ್ರಪತಿ ಸಂಭಾಜಿನಗರದ ಹತ್ತಿರದ ಬಿಡಕಿನ್‌ನಲ್ಲೂ ಕಾರ್ಖಾನೆ ಹಾಕಲು ಹೊರಟಿದೆ. 2024ರ ಜುಲೈನಲ್ಲಿ ಮಹಾರಾಷ್ಟ್ರ ಸರ್ಕಾರದ ಜೊತೆ ಒಪ್ಪಂದವೂ ಆಯಿತು. ಅಲ್ಲಿ ತಯಾರಾಗುವ ಕಾರಿನ ನಕ್ಷೆಯೆಲ್ಲ ಮಿಲಿಮೀಟರಿನಲ್ಲೇ ಇರುತ್ತದೆ. ಆದರೆ ಟೈರಿನ ಪಕ್ಕೆ ನೋಡಿ: 205/65 ಆರ್16. ಮೊದಲಿನ 205 ಮಿಲಿಮೀಟರು, ಕೊನೆಯ 16 ಇಂಚು! ನಮ್ಮಲ್ಲಿ ಮೆಟ್ರಿಕ್ ಕಾನೂನು ಬಂದದ್ದು 1956ರಲ್ಲಿ. ಇಂದಿಗೂ ನಲ್ಲಿ ಕೊಳ್ಳಲು ಹೋದವರು ಕೇಳುವುದು ಅರ್ಧ ಇಂಚಿನದನ್ನೇ.

ಕಾಗದದ ಮೇಲಾದರೆ ಮಿಲಿಮೀಟರನ್ನು ಇಂಚು ಮಾಡಲು 25.4ರಿಂದ ಭಾಗಿಸಿದರೆ ಮುಗಿಯಿತು. ಲೋಹ ಕಡೆಯುವ ಲೇತಿಗೆ ಭಾಗಾಕಾರ ಬರುವುದಿಲ್ಲ, ಅದಕ್ಕೆ ಗೊತ್ತಿರುವುದು ಹಲ್ಲಿನ ಲೆಕ್ಕ ಮಾತ್ರ.

ಲೇತಿನಲ್ಲಿ ತ್ರೆಡ್ ಹಾಕುವಾಗ ಚಕ್‌ನಲ್ಲಿ ಹಿಡಿದ ಸರಳು ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲು ಸರಿಯಾಗಿ ಒಂದು ಪಿಚ್, ಅಂದರೆ ಒಂದು ತ್ರೆಡ್ಡಿನಿಂದ ಮುಂದಿನದಕ್ಕಿರುವ ಅಂತರದಷ್ಟು, ಸರಿದಿರಬೇಕು. ಟೂಲನ್ನು ಎಳೆದೊಯ್ಯುವುದು ಲೀಡ್ ಸ್ಕ್ರೂ. ಹಳೆಯ ಲೇತೊಂದರ ಲೀಡ್ ಸ್ಕ್ರೂನಲ್ಲಿ ಇಂಚಿಗೆ ನಾಲ್ಕು ತ್ರೆಡ್ ಇದೆ ಎನ್ನಿ. ಅದು ಒಂದು ಸುತ್ತು ತಿರುಗಿದರೆ ಟೂಲು 6.35 ಮಿಲಿಮೀಟರು ಸಾಗುತ್ತದೆ. ನಮಗೆ ಬೇಕಾದದ್ದು 1 ಮಿಲಿಮೀಟರು ಪಿಚ್. ಹಾಗಾದರೆ ಚಕ್ ಒಂದು ಸುತ್ತು ಬಂದಾಗ ಲೀಡ್ ಸ್ಕ್ರೂ 1/6.35 ಸುತ್ತು, ಅಂದರೆ 20/127 ಸುತ್ತು ಬರಬೇಕು. ಚಕ್ ಕಡೆಗೆ 20 ಹಲ್ಲಿನ ಗೇರು, ಲೀಡ್ ಸ್ಕ್ರೂಗೆ 127 ಹಲ್ಲಿನದು. ಪಿಚ್ ಒಂದೂವರೆಯಾದರೆ 20ರ ಜಾಗಕ್ಕೆ 30, ಎರಡಾದರೆ 40. 127 ಮಾತ್ರ ಕದಲುವುದಿಲ್ಲ.

25.4 ಎಂದರೆ 127ನ್ನು 5ರಿಂದ ಭಾಗಿಸಿದ್ದು, 127 ಅವಿಭಾಜ್ಯ ಸಂಖ್ಯೆ. ಅದನ್ನು ಒಡೆದು ಎರಡು ಚಿಕ್ಕ ಗೇರುಗಳಿಗೆ ಹಂಚುವಂತಿಲ್ಲ. ಐಟಿಐಯಲ್ಲಿ ಟರ್ನರ್ ಕಲಿತವರಿಗೆ 5/127ರ ಸೂತ್ರ ಬಾಯಿಪಾಠ. ದೊಡ್ಡ ಗೇರು ಸಿಗದಿದ್ದರೆ 63 ಹಲ್ಲಿನದರಲ್ಲಿ ಸಂಭಾಳಿಸುವುದೂ ಉಂಟು. ಆಗ ಇಂಚು 25.4ರ ಬದಲು ಸುಮಾರು 25.3968 ಆಗುತ್ತದೆ, ಮೀಟರಿಗೆ 0.125 ಮಿಲಿಮೀಟರಿನಷ್ಟು ತಪ್ಪು. ಬೋಲ್ಟಿಗೆ ನಟ್ಟು ಕೂರಲು ಅಷ್ಟು ಸಾಕು, ಆದರೆ ಉದ್ದನೆಯ ಲೀಡ್ ಸ್ಕ್ರೂ ಕಡೆಯಲು ಆ ಜುಗಾಡು ಒಪ್ಪುವಂಥದ್ದಲ್ಲ.

ಇಂಚಾದರೂ ಎಲ್ಲೆಡೆ ಒಂದೇ ಆಗಿತ್ತೇ? ಅಮೆರಿಕದ ಇಂಚು 25.4ಕ್ಕಿಂತ ಕೂದಲೆಳೆಯಷ್ಟು ಹೆಚ್ಚು, ಬ್ರಿಟನ್ನಿನದು ತುಸು ಕಡಿಮೆ ಇತ್ತು. ಇಂಗ್ಲಿಷ್ ಮಾತಾಡುವ ಆರು ದೇಶಗಳು ಸೇರಿ 25.4 ಎಂದು ಗೊತ್ತು ಮಾಡಿದ್ದು 1959ರಲ್ಲಿ. ಆ ಇಂಚಿನ ಲೆಕ್ಕಕ್ಕೆ 127ರ ಗೇರು ನೂರಕ್ಕೆ ನೂರು ಸರಿ.

ಇಷ್ಟಾದರೂ ಲೇತು ಒಂದು ತೊಂದರೆ ಕೊಡುತ್ತದೆ. ಇಂಚಿನ ಲೀಡ್ ಸ್ಕ್ರೂ ಇರುವ ಲೇತಿನಲ್ಲಿ ಮೆಟ್ರಿಕ್ ತ್ರೆಡ್ ಹಾಕುವಾಗ, ಟೂಲನ್ನು ಲೀಡ್ ಸ್ಕ್ರೂಗೆ ಜೋಡಿಸುವ ಹಾಫ್ ನಟ್ಟನ್ನು ಪ್ರತಿ ಸಲದ ಕೊನೆಗೆ ಬಿಡಿಸಿಬಿಟ್ಟರೆ ಟೂಲು ಮತ್ತೆ ಅದೇ ಜಾಡಿಗೆ ಬೀಳುವ ಭರವಸೆ ಇಲ್ಲ. ಹಾಗಾಗಿ ಟೂಲನ್ನು ಹೊರಗೆಳೆದು, ಹಾಫ್ ನಟ್ ಹಿಡಿಸಿಯೇ ಇಟ್ಟು, ಮೋಟಾರನ್ನು ಹಿಮ್ಮುಖ ಓಡಿಸಿ ಶುರುವಿನ ಜಾಗಕ್ಕೆ ಮರಳಬೇಕು. ಹರಿಹರದ ಮೈಸೂರು ಕಿರ್ಲೋಸ್ಕರ್ ಇರಲಿ, ಎಚ್‌ಎಂಟಿ ಇರಲಿ, ಇಂಚಿನ ಲೀಡ್ ಸ್ಕ್ರೂ ಇದ್ದ ಮೇಲೆ ಈ ಕಾಟ ತಪ್ಪಿದ್ದಲ್ಲ.

ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತಿನಲ್ಲಿ ಈ ಗೇರುಗಳೇ ಇಲ್ಲ. ಸ್ಪಿಂಡಲ್ ಎಷ್ಟು ತಿರುಗಿತೆಂದು ಎನ್‌ಕೋಡರ್ ಹೇಳುತ್ತದೆ, ಟೂಲು ಎಷ್ಟು ಸರಿಯಬೇಕೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಹೆಚ್ಚಿನ ಯಂತ್ರಗಳ ಪ್ರೋಗ್ರಾಮಿನಲ್ಲಿ ಜಿ20 ಎಂದರೆ ಇಂಚು, ಜಿ21 ಎಂದರೆ ಮಿಲಿಮೀಟರು. ಇಂಚಿನ ಅಳತೆಗೆ ಜಿ21 ಹಾಕಿಬಿಟ್ಟರೆ ಒಂದು ಇಂಚು ಸಾಗಬೇಕಾದ ಟೂಲು ಒಂದು ಮಿಲಿಮೀಟರಿಗೇ ನಿಲ್ಲುತ್ತದೆ. ಅದು ಹೇಗೋ ನಡೆದೀತು. ಉಲ್ಟಾ ಆದರೆ ಟೂಲು ಇಪ್ಪತ್ತೈದು ಪಟ್ಟು ಮುಂದೆ ನುಗ್ಗಿ ಚಕ್‌ಗೇ ಗುದ್ದೀತು.