ಉಡುಗೊರೆಯ ರತ್ನಾಭರಣ: ಬಿಲ್ಲಿನಲ್ಲಿ ಗಮನಿಸತಕ್ಕ ಅಂಶಗಳು

ಮೇ ತಿಂಗಳಿಗೆ ಪಚ್ಚೆ, ಜುಲೈಗೆ ಮಾಣಿಕ್ಯ, ಸೆಪ್ಟೆಂಬರಿಗೆ ನೀಲ ಎಂಬ ಜನ್ಮರತ್ನಗಳ ಪಟ್ಟಿಯನ್ನು 1912ರಲ್ಲಿ ಅಮೆರಿಕದ ಆಭರಣ ವರ್ತಕರ ಸಂಘವು ನಿಗದಿಪಡಿಸಿತು. ನಮ್ಮ ನವರತ್ನಗಳಾದರೋ ಗ್ರಹಗಳಿಗೆ ಸಂಬಂಧಿಸಿದವು. ಯಾವುದನ್ನು ಅನುಸರಿಸಿದರೂ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ವ್ಯಾಪಾರಸ್ಥ ಬಾಂಧವರು ಉಡುಗೊರೆ ಕೊಳ್ಳುವ ಮುನ್ನ ಮೂರು ಅಂಶಗಳನ್ನು ಪರಿಶೀಲಿಸುವುದು ಒಳಿತು.

ಮೊದಲನೆಯದು ತೂಕ. ರತ್ನದ 5 ಕ್ಯಾರೆಟ್ ಎಂದರೆ 1 ಗ್ರಾಂ. 12 ಗ್ರಾಂ ತೂಗುವ ಪದಕದಲ್ಲಿ 5 ಕ್ಯಾರೆಟ್ ಹರಳಿದ್ದರೆ ಚಿನ್ನ 11 ಗ್ರಾಂ ಮಾತ್ರ. ಒಟ್ಟು ತೂಕಕ್ಕೆ ಚಿನ್ನದ ದರ ಹಚ್ಚಿದರೆ ಅಗ್ಗದ ಹರಳಿಗೂ ಚಿನ್ನದ ಬೆಲೆ ತೆತ್ತಂತಾಗುವುದು. ಆದ್ದರಿಂದ ಚಿನ್ನ, ಹರಳು, ಮಜೂರಿಗಳನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು.

ಎರಡನೆಯದು ಖಾತರಿ. ಹಾಲ್‌ಮಾರ್ಕ್ ಲೋಹದ ಶುದ್ಧತೆಗೆ ಮಾತ್ರ ಸಂಬಂಧಿಸಿದೆ. ಹರಳು ನೈಸರ್ಗಿಕವೋ, ಕೃತಕವೋ, ಕಾಯಿಸಿ ಬಣ್ಣ ಸುಧಾರಿಸಿದ್ದೋ ಎಂಬುದನ್ನು ರತ್ನ ಪರೀಕ್ಷಾ ಪ್ರಯೋಗಾಲಯದ ಪ್ರಮಾಣಪತ್ರವೇ ತಿಳಿಸಬೇಕು.

ಮೂರನೆಯದು ತೆರಿಗೆ. ಸಂಸ್ಥೆಯ ಲೆಕ್ಕದಲ್ಲಿ ಕೊಂಡು ಗ್ರಾಹಕರಿಗೆ ಉಡುಗೊರೆಯಾಗಿ ನೀಡಿದ ಆಭರಣದ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ದೊರೆಯದು. ವ್ಯವಹಾರ ಸಂಬಂಧದಿಂದ ಒಬ್ಬ ಡೀಲರರಿಗೆ ವರ್ಷದಲ್ಲಿ ನೀಡಿದ ಉಡುಗೊರೆಗಳ ಮೌಲ್ಯ 20,000 ರೂ. ಮೀರಿದರೆ ಶೇ. 10ರ ಟಿಡಿಎಸ್ ಅನ್ವಯಿಸುತ್ತದೆ. ಹಿಂದಿನ ವರ್ಷದ ವ್ಯಾಪಾರ ವಹಿವಾಟು 1 ಕೋಟಿ ರೂ. ಮೀರದ ಏಕಮಾಲೀಕರಿಗೆ ಈ ಹೊಣೆಯಿಲ್ಲ. ಬಿಲ್ಲು, ಪ್ರಮಾಣಪತ್ರಗಳನ್ನು ಲೆಕ್ಕಪತ್ರದೊಡನೆ ಕಾಯ್ದಿರಿಸುವುದು ಕ್ಷೇಮ.